ಬೆರಳಡಿಯ ಇಂಟು

ಪೇಸ್ಟಿನ ಮುಚ್ಚಳ ತಿರುಪುತ್ತ ತಿರುಪುತ್ತ, ಇಷ್ಟು ಸಣ್ಣ ಮುಚ್ಚಳಕ್ಕೆ ಇಷ್ಟೊಂದು ಸುತ್ತು ಇಟ್ಟ ಪುಣ್ಯಾತ್ಮ ಯಾರಪ್ಪ ಎಂದು ಅವನು ಕನ್ನಡಿಯೊಳಗಿನ ತನ್ನ ನೊರೆಬಾಯಿಯನ್ನು ಕೇಳಿದ. ಒತ್ತಿದರೆ ಟಕ್ಕೆಂದು ಕೂರುವ ಮುಚ್ಚಳ ಮಾಡಿದ್ದರೆ ಇವರ ಗಂಟೇನು ಹೋಗುತ್ತಿತ್ತು? ತೆರೆಯುವುದರ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಮುಚ್ಚುವುದರ ಬಗ್ಗೆ ತಲೆ ಕೆಡಿಸಿಕೊಂಡು ಅದಕ್ಕೇ ಸಂಬಳ ಎಣಿಸಿಕೊಳ್ಳುವವನು ಈ ಊರಿಗೆಲ್ಲ ತಾನೊಬ್ಬನೇ ಇರಬೇಕು ಎಂಬ ಜಂಬ ಅವನಿಗೆ ಒಳಗೊಳಗೇ ಇತ್ತು. ಬ್ರೌಸರಿನಲ್ಲಿ ಜನ ಸಾಲಾಗಿ ಟ್ಯಾಬುಗಳನ್ನು ತೆರೆದಿಟ್ಟುಕೊಳ್ಳುತ್ತಾರಲ್ಲ, ಒಂದೊಂದರ ಮೂಲೆಯಲ್ಲೂ ಒಂದು ಪುಟ್ಟ ಇಂಟು ಗುರುತು ಇರುತ್ತದಲ್ಲ, ಅದೇ ಅವನ ಸಾಮ್ರಾಜ್ಯ. ಆ ಗುರುತು ಎಷ್ಟು ದಪ್ಪ ಇರಬೇಕು, ಮೌಸು ಹತ್ತಿರ ಬಂದಾಗ ಎಷ್ಟು ಕಪ್ಪಾಗಬೇಕು, ಒತ್ತಿದ ಮೇಲೆ ಹೋದ ಟ್ಯಾಬಿನ ಜಾಗವನ್ನು ಪಕ್ಕದವು ಹೇಗೆ ತುಂಬಬೇಕು, ಇಷ್ಟರಲ್ಲೇ ಅವನ ಕೂದಲು ನೆರೆಯತೊಡಗಿತ್ತು. ಆಫೀಸಿನಲ್ಲಿ ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದು, ಎಲ್ಲರ ಬಾಯಲ್ಲೂ ಅವನು ಇಂಟು ಆಗಿಬಿಟ್ಟಿದ್ದ. ಹಾಗಂತ ಮನೆಯಲ್ಲಿ ಅವನು ಬೀರುವಿನ ಬಾಗಿಲನ್ನಾಗಲಿ, ಉಪ್ಪಿನ ಡಬ್ಬಿಯನ್ನಾಗಲಿ ಒಂದು ದಿನ ಮುಚ್ಚಿದ ಆಸಾಮಿಯಲ್ಲ. ಪೇಸ್ಟಿನ ಮುಚ್ಚಳವನ್ನೂ ಅರ್ಧ ತಿರುಪಿ, ಸಾಕೆನ್ನಿಸಿ, ಬೇಸಿನ್ನಿನ ಅಂಚಿನಲ್ಲಿ ಬಿಟ್ಟ.

ಹೆಂಡತಿ ಬಚ್ಚಲಿನ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ. ಅವಳದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಈಗ ಬೇರೆ ಊರಿನ ದೊಡ್ಡ ಆಸ್ಪತ್ರೆಯೊಂದು ಹೊಸ ಲ್ಯಾಬು ಕಟ್ಟಿ ನೀವೇ ಬಂದು ನಡೆಸಿ ಎಂದು ಕರೆದಿತ್ತು. ಆ ಕರೆ ಬಂದ ದಿನ ಅವಳು ಚಪ್ಪಲಿ ಕೂಡ ಬಿಚ್ಚದೆ ನಡುಮನೆಗೆ ಬಂದು ಹೇಳಿದ್ದಳು, ಅವನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೂಂ ಅಂದಿದ್ದ. ಹೋಗಲೋ ಬೇಡವೋ ಎಂದು ಕೇಳಿದ್ದಕ್ಕೂ ಅದೇ ಹೂಂ. ಆಮೇಲೆ ಊಟದ ಹೊತ್ತಿಗೆ ಕೇಳಿದಳು, ಅವನು ನೀರು ತರಲು ಎದ್ದ. ಬಟ್ಟೆ ಮಡಿಸುವಾಗ ಕೇಳಿದಳು, ಅವನಿಗೆ ಫೋನು ಬಂತು. ಫೋನು ಬಂದದ್ದು ನಿಜವೇ, ಆದರೆ ಎಂದೂ ಎತ್ತದ ವಿಮೆ ಕಂಪನಿಯವರ ಫೋನನ್ನು ಅವತ್ತು ಎತ್ತಿ ಅಷ್ಟು ಹೊತ್ತು ಮಾತಾಡಿದ್ದು ಮಾತ್ರ ಶುದ್ಧ ಕಳ್ಳಾಟ. ‘ಇವತ್ತು ಸಾಯಂಕಾಲದೊಳಗೆ ಅವರಿಗೆ ಹೇಳ್ಬೇಕು. ನೀನು ಏನೂ ಹೇಳ್ಲೇ ಇಲ್ಲ,’ ಅಂದಳು ಈಗ. ಬಾಯಿ ತುಂಬ ನೊರೆ ಇದ್ದದ್ದು ಅವನಿಗೆ ದೇವರು ಕೊಟ್ಟ ವರ. ಬ್ರಶ್ಶನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ, ಇರು ಎಂಬಂತೆ ಸನ್ನೆ ಮಾಡಿ, ಉಗುಳಿ, ಮುಖ ತೊಳೆದು, ಟವೆಲ್ಲಿನೊಳಗಿಂದ ‘ಆಫೀಸಿನ ಟೆಸ್ಟ್ ಒಂದು ಮುಗೀಲಿ ಕಣೆ’ ಅಂದ. ಟವೆಲ್ ತೆಗೆದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಅವನಿಗೆ ಮೊದಲು ಹಾಯೆನಿಸಿತು, ಹಾಗೆ ಹಾಯೆನಿಸಿದ್ದಕ್ಕೆ ಆಮೇಲೆ ನಾಚಿಕೆಯಾಯಿತು.

ಹೇಳುವುದಾದರೂ ಏನನ್ನು? ಲಿಫ್ಟಿನೊಳಗೆ ನಿಂತು ಬಾಗಿಲು ಮುಚ್ಚುವ ಗುಂಡಿ ಒತ್ತುತ್ತ ಅವನು ಲೆಕ್ಕ ಹಾಕಿದ. ಹೋಗಬೇಡ ಎಂದರೆ ತಾನು ಖಳನಾಯಕ. ಹೋಗು ಎಂದರೆ ಅವಳು ನಿಜವಾಗಿ ಹೊರಟೇಬಿಡುತ್ತಾಳೆ, ಆ ಮನೆಯಲ್ಲಿ ತೆರೆದ ಬೀರುಗಳ ನಡುವೆ ತಾನೊಬ್ಬನೇ ದೆವ್ವದ ಹಾಗೆ ಓಡಾಡಿಕೊಂಡಿರಬೇಕು. ನಾನೂ ಬರುತ್ತೇನೆ ಎನ್ನಬಹುದಿತ್ತು, ಆದರೆ ಅವಳು ಬಾ ಎಂದು ಕರೆದಿರಲೇ ಇಲ್ಲವಲ್ಲ. ಕರೆದಿದ್ದಳೋ, ತನಗೆ ಕೇಳಿಸಿರಲಿಲ್ಲವೋ. ಲಿಫ್ಟಿನ ಗುಂಡಿ ಒತ್ತಿದರೂ ಒಂದೇ, ಬಿಟ್ಟರೂ ಒಂದೇ, ಬಾಗಿಲು ತನಗೆ ತೋಚಿದಾಗ ಮುಚ್ಚಿಕೊಳ್ಳುವ ಜಾತಿಯದು. ಜನರ ಸಮಾಧಾನಕ್ಕೆ ಅದನ್ನು ಅಲ್ಲಿ ಇಟ್ಟಿದ್ದಾರೆ ಎಂಬುದು ಈ ಕಸುಬಿನವನಾದ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಒತ್ತುತ್ತಲೇ ಇದ್ದ. ಅವಳನ್ನು ಮದುವೆಯಾದ ಹೊಸದರಲ್ಲಿ ಅತ್ತೆಯ ಮನೆಯಲ್ಲಿ ಹೀಗೇ ಕಿಟಕಿಯ ಚಿಲಕವೊಂದನ್ನು ಎಳೆದು ತಳ್ಳಿ ನೋಡುತ್ತಿದ್ದಾಗ, ಹಿಂದಿನಿಂದ ಅತ್ತೆ ಏನೋ ಕೇಳುತ್ತಿದ್ದರು, ಬಹುಶಃ ನನ್ನ ಮಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತೀರಿ ತಾನೇ ಎಂಬ ಥರದ ಗಂಭೀರವಾದದ್ದನ್ನೇ. ಅವನು ತಿರುಗಿ, ಈ ಚಿಲಕಕ್ಕೆ ಒಂದು ಸ್ಪ್ರಿಂಗು ಹಾಕಿದರೆ ಒಂದೇ ಕೈಲಿ ಆಗುತ್ತೆ ಅತ್ತೆ, ಅಂದಿದ್ದ. ಅತ್ತೆ ಆಗ ಅವನನ್ನು ನೋಡಿದ ನೋಟ ನೆನಪಾಗಿ, ಲಿಫ್ಟಿನಲ್ಲಿ ಒಬ್ಬನೇ ಇದ್ದರೂ ಅವನು ಕೆಮ್ಮಿದ.

ಟೆಸ್ಟ್ ನಡೆಯುವ ಜಾಗ ಎರಡು ಕೋಣೆಗಳದು, ನಡುವೆ ಗೋಡೆಯಷ್ಟಗಲದ ಗಾಜು. ಒಳಕೋಣೆಯಲ್ಲಿ ಕೂತವರಿಗೆ ಅದು ಕನ್ನಡಿ. ಈಚೆ ಕತ್ತಲೆಯಲ್ಲಿ ಕೂತವರಿಗೆ ಕಿಟಕಿ. ಹೊರಗಿನಿಂದ ಯಾರನ್ನಾದರೂ ಕರೆತಂದು ಒಳಗೆ ಕಂಪ್ಯೂಟರಿನ ಮುಂದೆ ಕೂರಿಸಿ, ಕೆಲಸ ಕೊಟ್ಟು, ಅವರು ಎಲ್ಲಿ ತಡವರಿಸುತ್ತಾರೆ ನೋಡುವುದು. ಈಚೆ ಕೂತವರು ಉಸಿರೆತ್ತುವ ಹಾಗಿಲ್ಲ, ಒಳಗೆ ಕಾಲಿಡುವ ಹಾಗಂತೂ ಇಲ್ಲವೇ ಇಲ್ಲ. ಮುಂದಿನ ಕುರ್ಚಿಯಲ್ಲಿ ದೊಡ್ಡ ಸಾಹೇಬರು ಕೂತಿದ್ದರು, ಅವರ ಅಡ್ಡಹೆಸರು ಕ್ಷಣಭಂಗುರ. ಯಾವುದೇ ವಿಷಯ ಅರೆಕ್ಷಣಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರೆ ಅವರ ಕಾಲು ತಾನಾಗಿ ಕುಣಿಯತೊಡಗುತ್ತಿತ್ತು. ಪಕ್ಕದಲ್ಲಿ ಇಂಜಿನಿಯರ್, ಇಂಟುವಿನ ಪರಮವೈರಿ, ಮಧ್ಯಾಹ್ನದ ಊಟಕ್ಕೆ ಮಾತ್ರ ಪರಮಮಿತ್ರ. ಇಬ್ಬರ ಜಗಳ ಇಷ್ಟೇ. ಇಂಟು ಮಾಡಿದ ಹೊಸ ವಿನ್ಯಾಸದಲ್ಲಿ ಒಂದು ಟ್ಯಾಬು ಮುಚ್ಚಿದ ಕೂಡಲೇ ಪಕ್ಕದ ಟ್ಯಾಬು ಸರಿದು ಬಂದು ತನ್ನ ಇಂಟು ಗುರುತನ್ನು ಕರೆಕ್ಟಾಗಿ ಬೆರಳಡಿಗೇ ತಂದು ನಿಲ್ಲಿಸುತ್ತಿತ್ತು. ಕೈ ಅಲ್ಲಾಡಿಸದೆ ಟಕಟಕ ಒತ್ತುತ್ತ ಹೋದರಾಯಿತು. ಜನ ಬೇಡದ್ದನ್ನು ಮುಚ್ಚುವ ಭರದಲ್ಲಿ ಬೇಕಾದದ್ದನ್ನೂ ಮುಚ್ಚಿ ಬಾಯಿ ಬಡಿದುಕೊಳ್ಳುತ್ತಾರೆ ಎಂದು ಇಂಜಿನಿಯರ್ ಮೂಗು ಮುರಿಯುತ್ತಿದ್ದ. ಮುಚ್ಚಿದ್ದನ್ನು ಮತ್ತೆ ತೆರೆಯಲು ಮೆನುವಿನೊಳಗಿನ ಮೆನುವಿನೊಳಗೆ ಒಂದು ಸಾಲು ಇದೆಯಲ್ಲ ಎಂದು ಇಂಟು ವಾದಿಸುತ್ತಿದ್ದ. ಅದನ್ನು ಅಲ್ಲಿ ಇಟ್ಟವನಿಗೇ ಒಮ್ಮೊಮ್ಮೆ ಅದು ಸಿಗುತ್ತಿರಲಿಲ್ಲ ಎಂಬುದನ್ನು ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಒಳಕೋಣೆಯ ಬಾಗಿಲು ತೆರೆಯಿತು. ಟೆಸ್ಟ್ ನಡೆಸುವ ಸಂಶೋಧಕಿ, ಬನ್ನಿ ಮೇಡಂ, ಹುಷಾರು, ವೈರ್ ಇದೆ ಎನ್ನುತ್ತ ಒಬ್ಬ ಹೆಂಗಸನ್ನು ಕರೆತಂದರು. ಡ್ರಿಲ್ ಟೀಚರ್ ಆಗಿ ನಿವೃತ್ತರಾಗಿ, ಮಂಡಿ ಸವೆದರೂ ದನಿ ಸವೆಯದ, ಮೈಕಿಲ್ಲದೆ ಇಡೀ ಮೈದಾನವನ್ನು ಎಡಕ್ಕೆ ತಿರುಗಿಸಿದ ಹೆಂಗಸು ಅದು. ಅವನ ಸ್ವಂತ ಅತ್ತೆ. ಜನರನ್ನು ಆರಿಸಿ ಕಳಿಸುವುದು ಹೊರಗಿನ ಏಜೆನ್ಸಿ; ಅವರಿಗೆ ಇವರ ನಂಟು ಹೇಗೆ ಗೊತ್ತಾಗಬೇಕು? ನೌಕರರ ಬಳಗದವರು ಟೆಸ್ಟಿಗೆ ಕೂರಬಾರದು, ಕೂತದ್ದು ತಿಳಿದರೆ ಆ ಟೆಸ್ಟ್ ರದ್ದು. ಈಗಲೇ ಬಾಯಿ ತೆರೆದು, ಸಾರ್, ಇವರು ನಮ್ಮತ್ತೆ, ಎಂದು ಮೂರು ಮಾತು ಆಡಿದ್ದರೆ ಮುಗಿಯುತ್ತಿತ್ತು. ಅವನು ಬಾಯಿ ತೆರೆಯಲೂ ತೆರೆದ. ಅಷ್ಟರಲ್ಲಿ ಕ್ಷಣಭಂಗುರರು, ‘ಈ ಹೆಂಗಸು ಚೆನ್ನಾಗಿ ಮಾತಾಡ್ತಾರೆ ಅನ್ಸುತ್ತೆ, ನೋಡಿ ಕೂತ ಗತ್ತು’ ಎಂದು ಮುಂದಕ್ಕೆ ಬಾಗಿದರು. ಇಂಟು ತೆರೆದ ಬಾಯಿಯನ್ನು ಆಕಳಿಕೆಗೆ ಬಳಸಿಕೊಂಡ.

ಸಂಶೋಧಕಿ ಎಂದಿನ ಪಾಠ ಒಪ್ಪಿಸಿದರು: ಇದು ನಿಮ್ಮ ಪರೀಕ್ಷೆ ಅಲ್ಲ, ನಾವು ಮಾಡಿರೋ ವಸ್ತುವಿನ ಪರೀಕ್ಷೆ; ಕೆಲಸ ಮಾಡುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಹೋಗಿ; ಆ ಕನ್ನಡಿಯ ಹಿಂದೆ ನಮ್ಮವರು ಕೂತು ನೋಡುತ್ತಿರುತ್ತಾರೆ. ಅತ್ತೆ ಒಂದೊಂದು ಮಾತಿಗೂ ತಲೆ ಆಡಿಸಿದರು. ಮನಸ್ಸಿಗೆ ಬಂದದ್ದು ಎಂದರೆ ಎಲ್ಲವನ್ನೂ ಹೇಳಬಹುದೇ ಎಂದು ಕೇಳಿದರು. ಎಲ್ಲವನ್ನೂ ಎಂದರು ಸಂಶೋಧಕಿ. ಯಾರಿಗೂ ಬೇಜಾರಾಗುವುದಿಲ್ಲ ತಾನೇ? ಇದನ್ನು ಮಾಡಿದವಳು ನಾನಲ್ಲ, ಹಾಗಾಗಿ ನೀವು ಎಷ್ಟು ಬೈದರೂ ನನಗೆ ಬೇಜಾರಿಲ್ಲ ಎಂದರು ಅವರು. ‘ಮಾಡಿದೋರು ಆ ಕಡೆ ಕೂತಿದ್ರೆ? ಮಧ್ಯೆ ಬಾಯಿ ಹಾಕಲ್ವಾ?’ ಅವರಿಗೆ ಮಾತಾಡುವ ಹಾಗಿಲ್ಲ ಮೇಡಂ, ಏನೇ ಆದರೂ ಕೂತು ಕೇಳಲೇಬೇಕು ಎಂದು ಸಂಶೋಧಕಿ ಧೈರ್ಯ ಹೇಳಿದರು. ಅತ್ತೆ ಕನ್ನಡಿಯ ಕಡೆ ತಿರುಗಿ ಕಿವಿಯ ಹಿಂದಿನ ಕೂದಲು ಸರಿಮಾಡಿಕೊಂಡರು. ಮುಖದ ಮೇಲೆ ಹಸಿದವರಿಗೆ ಎಲೆ ಹಾಕಿದಾಗ ಕಾಣುವ ಸಮಾಧಾನ.

ಕೊಟ್ಟ ಕೆಲಸ ಸುಲಭದ್ದು. ಪರದೆಯ ಮೇಲೆ ಸಾಲಾಗಿ ಟ್ಯಾಬುಗಳಿದ್ದವು: ಹವಾಮಾನ, ಮಂಡಿನೋವಿನ ಎಣ್ಣೆ, ರೈಲಿನ ಸಮಯ, ಯಾವುದೋ ಸೋಫಾ, ಒಂದು ಬಾಡಿಗೆ ಮನೆ, ಹೀಗೆ. ಬಾಡಿಗೆ ಮನೆಯದನ್ನು ಉಳಿಸಿಕೊಂಡು ಮಿಕ್ಕವನ್ನು ಮುಚ್ಚಬೇಕು. ಅತ್ತೆ ಮೌಸನ್ನು ಸೀಟಿ ಹಿಡಿದ ಹಾಗೆ ಹಿಡಿದು ಶುರುಮಾಡಿದರು. ಹವಾಮಾನ ಬೇಡ, ಕಿಟಕಿ ಇದೆ, ಟಕ್. ಎಣ್ಣೆ ಎಲ್ಲ ಮೋಸ, ಟಕ್. ರೈಲು ಟಕ್. ‘ಅರೆ, ಗುರುತು ತಾನಾಗೇ ಬಂದು ನಿಂತ್ಕೊಳ್ಳುತ್ತೆ, ಭೇಷ್’ ಅಂದರು. ಕತ್ತಲೆಯಲ್ಲಿ ಇಂಟುವಿನ ಮೈ ಹೂವಾಯಿತು. ಎಷ್ಟೋ ವರ್ಷಗಳಲ್ಲಿ ಅತ್ತೆಯ ಬಾಯಿಂದ ಅವನು ಪಡೆದ ಮೊದಲ ಭೇಷ್ ಅದು, ಅದೂ ಹಿಂಬಾಗಿಲಿಂದ. ಇಂಜಿನಿಯರ್ ಕಡೆ ಹುಬ್ಬು ಹಾರಿಸಿದ. ಅಷ್ಟರಲ್ಲಿ ಸೋಫಾ ಟಕ್, ಅದೇ ಓಘದಲ್ಲಿ ಇನ್ನೊಂದು ಟಕ್. ‘ಅಯ್ಯೋ, ಮನೆ ಹೋಯ್ತಲ್ಲಮ್ಮ.’

ಮತ್ತೆ ತರಬೇಕೆಂದರೆ ಎಲ್ಲಿ ಹುಡುಕುತ್ತೀರಿ ಎಂದು ಸಂಶೋಧಕಿ ಕೇಳಿದರು. ಕಳೆದ ಜಾಗದಲ್ಲೇ ಹುಡುಕುತ್ತೇನೆ, ಇನ್ನೆಲ್ಲಿ ಎನ್ನುತ್ತ ಅತ್ತೆ ಆ ಖಾಲಿ ಜಾಗವನ್ನು ಒತ್ತಿದರು, ಬಲಗಡೆ ಒತ್ತಿದರು, ಎಡಗಡೆ ಒತ್ತಿದರು. ಏನೂ ಬರಲಿಲ್ಲ. ಕ್ಷಣಭಂಗುರರ ಕಾಲು ಕುಣಿಯತೊಡಗಿತು. ಇಂಜಿನಿಯರ್ ಕತ್ತಲೆಯಲ್ಲಿ ಹಲ್ಲು ಕಿರಿದದ್ದು ಕಾಣದಿದ್ದರೂ ಇಂಟುವಿಗೆ ತಿಳಿಯಿತು. ಈಗ, ಈಗ ಹೇಳಬಹುದು, ಇವರು ನನ್ನ ಅತ್ತೆ ಎಂದು. ಟೆಸ್ಟ್ ರದ್ದಾಗಿ ತನ್ನ ವಿನ್ಯಾಸ ಉಳಿಯುತ್ತದೆ. ಅವನು ಗಂಟಲು ಸರಿಮಾಡಿಕೊಳ್ಳುವುದಕ್ಕೂ ಅತ್ತೆ ಕುರ್ಚಿಗೆ ಒರಗಿ ಕೈ ಕಟ್ಟಿಕೊಳ್ಳುವುದಕ್ಕೂ ಸರಿಹೋಯಿತು. ‘ಮನಸ್ಸಿಗೆ ಬಂದಿದ್ದನ್ನ ಹೇಳ್ಬೇಕು ಅಂದ್ರಲ್ಲ, ನಂಗೀಗ ನಮ್ಮ ಅಳಿಯಂದಿರು ನೆನಪಾದ್ರು,’ ಅಂದರು. ಗಂಟಲಲ್ಲಿದ್ದ ಮಾತು ಅಲ್ಲೇ ಕೂತಿತು. ಈಗ ನಂಟು ಹೇಳಿಕೊಂಡರೆ, ಅತ್ತೆ ಹೇಳಹೊರಟ ಕತೆಯ ಅಳಿಯ ಯಾರು ಎಂದು ಎಲ್ಲರಿಗೂ ಗೊತ್ತಾಗುತ್ತದೆ.

ಮುಂದಿನದನ್ನು ಅವನು ತಲೆ ತಗ್ಗಿಸಿ ಕೇಳಿದ. ಅತ್ತೆ ಏರುದನಿಯಲ್ಲೇನೂ ಹೇಳಲಿಲ್ಲ, ಹಾಜರಿ ಕೂಗುವವರ ಹಾಗೆ ಹೇಳುತ್ತ ಹೋದರು. ಅಳಿಯಂದಿರು ಒಳ್ಳೆಯವರೇ, ಕುಡಿತ ಇಲ್ಲ, ಜಗಳ ಇಲ್ಲ. ಜಗಳವಾದರೂ ಆಡಿದ್ದರೆ ಮಗಳಿಗೆ ಮನೆಯಲ್ಲಿ ಒಬ್ಬರು ಇದ್ದಾರೆ ಅನಿಸುತ್ತಿತ್ತು. ಏನು ಕೇಳಿದರೂ ಒಂದು ಹೂಂ. ಮಾತಿನ ಮಧ್ಯೆ ಎದ್ದು ಹೋಗಿ ಕಿಟಕಿ ಚಿಲಕ ನೋಡುತ್ತಾರೆ. ತಮ್ಮ ಯಜಮಾನರು ತೀರಿಕೊಂಡ ದಿನ ಎಲ್ಲರೂ ಅಳುತ್ತಿದ್ದರೆ ಇವರು ಆಸ್ಪತ್ರೆಯ ಬಾಗಿಲು ಸದ್ದಿಲ್ಲದೆ ಹೇಗೆ ಮುಚ್ಚಿಕೊಳ್ಳುತ್ತದೆ ಎಂದು ಅದರ ಮೇಲ್ಗಡೆ ಕತ್ತೆತ್ತಿ ನೋಡುತ್ತ ನಿಂತಿದ್ದರು. ಕತ್ತಲೆಯ ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ‘ಯಾವ ಸೀಮೆ ಪ್ರಾಣಿನಪ್ಪ ಅದು’ ಎಂದು ಇಂಜಿನಿಯರ್ ಪಿಸುಗುಟ್ಟಿದ. ಇಂಟು ನಕ್ಕ. ಎಲ್ಲರ ಜೊತೆ ಸೇರಿ, ಭುಜ ಕುಲುಕಿಸಿ, ಆ ಅಳಿಯನ ಮೇಲೆ ತಾನೂ ನಕ್ಕ. ನಗುತ್ತಿರುವಾಗಲೇ ಅವತ್ತು ಆ ಬಾಗಿಲನ್ನು ನೋಡುತ್ತ ನಿಂತಿದ್ದು ಯಾಕೆಂದು ನೆನಪಾಯಿತು, ಕೆಳಗೆ ನೋಡಿದರೆ ಮಾವನ ಪಾದ ಕಾಣುತ್ತಿತ್ತು, ಹೊದಿಕೆ ಗಿಡ್ಡವಾಗಿ ಹೊರಗುಳಿದ ಪಾದ, ಅದನ್ನು ನೋಡಿದ್ದರೆ ತಾನು ಅಲ್ಲೇ ಕುಸಿದುಬಿಡುತ್ತಿದ್ದ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಹೇಳದೆ ಇದ್ದದ್ದರಿಂದ ಅವಳಿಗೆ ಕಂಡದ್ದು ಬಾಗಿಲು ನೋಡುವ ಗಂಡಸು ಮಾತ್ರ.

‘ಈಗ ಮಗಳಿಗೆ ದೂರದಲ್ಲಿ ಕೆಲಸ ಸಿಕ್ಕಿದೆ,’ ಎಂದು ಅತ್ತೆ ಖಾಲಿ ಪರದೆಯನ್ನು ನೋಡುತ್ತ ಮುಂದುವರಿಸಿದರು. ‘ಇವರನ್ನ ಕೇಳಿ ಕೇಳಿ ಸಾಕಾಗಿ ಹೋಯ್ತು ಅವಳಿಗೆ. ನಿನ್ನೆ ಅಲ್ಲೊಂದು ಬಾಡಿಗೆ ಮನೆ ನೋಡಿದಾಳಂತೆ. ಒಂದೇ ರೂಮಿಂದು.’ ಡ್ರಿಲ್ ಟೀಚರ್ ದನಿ ಮೊದಲ ಸಲ ಸ್ವಲ್ಪ ಹಿಂದೆ ಬಿತ್ತು. ‘ಒಂದೇ ರೂಮು ಯಾಕೆ ಅಂತ ನಾನು ಕೇಳ್ಲಿಲ್ಲ. ಕೇಳ್ಬೇಕಾದೋರು ನಾನಲ್ವಲ್ಲ.’ ಹಾಗೆಂದು ತಲೆ ಎತ್ತಿ ಕನ್ನಡಿಯನ್ನೇ ನೋಡಿದರು. ಕನ್ನಡಿಯಲ್ಲಿ ಅವರಿಗೆ ಕಾಣುತ್ತಿದ್ದದ್ದು ಅವರ ಮುಖ ಮಾತ್ರ, ನೋಟ ನೆಟ್ಟದ್ದು ಅವನ ಕುರ್ಚಿಗಿಂತ ಒಂದು ಮಾರು ಆಚೆ, ಇಂಜಿನಿಯರನ ಮೇಲೆ. ಆದರೆ ಅದು ತನಗೇ ಹಾಕಿದ ನೋಟ ಎಂದು ಅವನಿಗೆ ಗೊತ್ತಾಯಿತು. ಇವರಿಗೆ ಬಂದಾಗಿನಿಂದಲೂ ಎಲ್ಲ ಗೊತ್ತು. ಅಳಿಯ ಎದ್ದು ಹೋಗದೆ, ನೀರು ತರದೆ, ವಿಮೆಯವರ ಫೋನು ಎತ್ತದೆ ಕೂತು ಕೇಳಲೇಬೇಕಾದ ಜಾಗ ಭೂಮಿಯ ಮೇಲೆ ಇದೊಂದೇ ಎಂದು ಏಜೆನ್ಸಿಯಲ್ಲಿ ತಾವಾಗಿಯೇ ಹೆಸರು ಬರೆಸಿ, ಮಂಡಿನೋವು ಹೊತ್ತುಕೊಂಡು, ಎರಡು ಬಸ್ಸು ಬದಲಿಸಿ ಬಂದಿದ್ದಾರೆ.

ಒಂದೇ ರೂಮು. ಕೆಲಸ ದೂರದ್ದು ಎಂದರೆ ಅದು ಕೆಲಸದ ಮಾತು. ರೂಮು ಒಂದೇ ಎಂದರೆ ಅದು ತನ್ನ ಬಗೆಗಿನ ಮಾತು. ಅವನು ಎದ್ದಾಗ ಕುರ್ಚಿ ಕಿರ್ರೆಂದಿತು, ಕ್ಷಣಭಂಗುರರು ಶ್ ಎಂದರು, ‘ಆ ಅಳಿಯ ನಾನೇ ಸಾರ್’ ಎಂದು ಅವನು ಬಾಗಿಲ ಹತ್ತಿರದಿಂದ ಹೇಳಿದ. ಕತ್ತಲೆಯಲ್ಲಿ ಯಾರ ಮುಖವೂ ಕಾಣದಿದ್ದದ್ದು ಒಳ್ಳೆಯದೇ ಆಯಿತು.

ಕಾರಿಡಾರಿನಿಂದ ಸುತ್ತಿ ಒಳಕೋಣೆಗೆ ಬಂದಾಗ ಸಂಶೋಧಕಿ ಗಾಬರಿಯಿಂದ ಎದ್ದು ನಿಂತರು, ಹೀಗೆಲ್ಲ ಬರುವ ಹಾಗಿಲ್ಲ ಎಂದು ಶುರುಮಾಡಿದರು. ಅವನು ಅತ್ತೆಯ ಮುಂದೆ ನಿಂತು, ಅವತ್ತು ಆಸ್ಪತ್ರೆಯಲ್ಲಿ ಮಾವನ ಪಾದ, ಎಂದು ಏನೋ ಹೇಳಹೊರಟ. ಅತ್ತೆ ಕೈ ಎತ್ತಿ ತಡೆದರು. ‘ನನ್ನ ಹತ್ರ ಅಲ್ಲ,’ ಅಂದರು. ಅವನು ಅಲ್ಲೇ ನಿಂತು, ಕನ್ನಡಿಗೆ ಮುಖಮಾಡಿ, ಹೆಂಡತಿಗೆ ಫೋನು ಹಚ್ಚಿದ.

ಟೆಸ್ಟ್ ಮುಗಿಯಿತಾ ಎಂದಳು ಅವಳು.

‘ಇಲ್ಲ. ಒಂದೇ ರೂಮಿನ ಮನೆ ನೋಡಿದೀಯಂತೆ.’ ಅಷ್ಟು ಅಂದ ಕೂಡಲೇ ಅವನಿಗೆ ಎದ್ದು ಓಡಬೇಕೆನಿಸಿತು, ಆದರೆ ನಿಂತೇ ಇದ್ದದ್ದರಿಂದ ಎದ್ದೇಳಲು ಏನೂ ಉಳಿದಿರಲಿಲ್ಲ. ‘ನಂಗೆ ಭಯ ಕಣೆ. ಬೇಡ ಅಂದ್ರೆ ನೀನು ಒಳಗೊಳಗೇ ಕೊರಗ್ತೀಯ, ಹೋಗು ಅಂದ್ರೆ ಹೋಗೇಬಿಡ್ತೀಯ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ. ತಪ್ಪು ನಂದೇ. ನೀನು ಹೋಗು, ಆ ಲ್ಯಾಬನ್ನ ನಿನ್ನಷ್ಟು ಚೆನ್ನಾಗಿ ಯಾರೂ ನಡ್ಸಲ್ಲ. ಆದ್ರೆ ಆ ಒಂದು ರೂಮಲ್ಲಿ ನಾನು ಹಿಡಿಸ್ತೀನಾ? ಮೂಲೇಲಿ ಇರ್ತೀನಿ.’ ದನಿ ಅಲ್ಲಿಗೆ ಒಡೆಯಿತು. ಮೂಗು ಒರೆಸಿಕೊಂಡ. ಕನ್ನಡಿಯಲ್ಲಿ ಒಬ್ಬ ನೆರೆಗೂದಲಿನವನು ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ.

‘ಏನಂದ್ರು ಅವರು?’

ಹೀಗೆ ಕೇಳಿದ್ದು ಹೆಂಡತಿಯಲ್ಲ, ಅತ್ತೆಯೂ ಅಲ್ಲ. ಚಾವಣಿಯ ಸ್ಪೀಕರಿನಿಂದ ಬಂದ ಕ್ಷಣಭಂಗುರರ ದನಿ ಅದು. ಎಷ್ಟು ಟೆಸ್ಟ್‌ಗಳನ್ನು ಆಚೆಯಿಂದ ಕೂತು ಕೇಳಿದ್ದಾನೋ, ಈ ಕೋಣೆಯ ಮೈಕು ಸದಾ ಆನ್ ಇರುತ್ತದೆಂಬುದನ್ನು ಈಚೆ ಬಂದು ನಿಂತ ಕೂಡಲೇ ಮರೆತಿದ್ದ. ಮಾತುಕತೆಯಲ್ಲಿ ಅವನ ಪಾಲಿನ ಅರ್ಧವೆಲ್ಲ ಆಚೆಯವರಿಗೆ ಕೇಳಿಸಿತ್ತು, ಅವಳ ಪಾಲಿನ ಅರ್ಧ ಕೇಳಿಸಿರಲಿಲ್ಲ. ನೆಲ ಬಾಯಿ ಬಿಟ್ಟಿದ್ದರೆ ಖುಷಿಯಾಗಿ ಇಳಿದುಹೋಗುತ್ತಿದ್ದ. ‘ಇನ್ನೂ ಏನೂ ಅಂದಿಲ್ಲ ಸಾರ್,’ ಎಂದ ಕನ್ನಡಿಗೆ.

ಯಾರದು ಎಂದಳು ಫೋನಿನಲ್ಲಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದ: ನಮ್ಮ ಸಾಹೇಬರು, ಇಂಜಿನಿಯರ್, ಇನ್ನೂ ಯಾರ್ಯಾರೋ, ಎಲ್ಲರೂ ಕೇಳಿಸಿಕೊಂಡರು, ನಿಮ್ಮಮ್ಮನೂ ಇಲ್ಲೇ ಕೂತಿದ್ದಾರೆ. ಅತ್ತ ಕಡೆ ಏನೋ ಸದ್ದಾಯಿತು, ನೀರು ನೆತ್ತಿಗೇರಿದ ಹಾಗೆ. ಅಮ್ಮನಿಗೆ ಫೋನು ಕೊಡು ಎಂದಳು.

ಅತ್ತೆ ಫೋನು ತೆಗೆದುಕೊಂಡು, ಕಿವಿಯ ಓಲೆ ಸರಿಸಿ, ಆ ಕಡೆಯದನ್ನು ಕೇಳುತ್ತ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಈಗ ಅವನಿಗೂ ಕೇಳಿಸುತ್ತಿದ್ದದ್ದು ಅರ್ಧ ಮಾತೇ. ಕನ್ನಡಿಯಾಚೆಯವರ ಹಾಗೆ ಅವನೂ ಉಸಿರು ಬಿಗಿಹಿಡಿದು ನಿಂತ.

‘ಹೂಂ ಕಣೆ, ನನ್ನ ಎದುರಿಗೇ ನಿಂತಿದಾರೆ,’ ಅಂದರು ಅತ್ತೆ. ‘ಇಲ್ಲ, ಕಂಪ್ಯೂಟರ್ ನೋಡ್ತಿಲ್ಲ. ಬಾಗಿಲೂ ನೋಡ್ತಿಲ್ಲ. ನನ್ನೇ ನೋಡ್ತಿದಾರೆ.’ ಸ್ವಲ್ಪ ಹೊತ್ತು ಕೇಳಿಸಿಕೊಂಡರು. ‘ಹೌದು, ನಿಜವಾಗ್ಲೂ ಅತ್ರು. ಮೂಗು ಕೆಂಪಾಗಿದೆ.’ ಮತ್ತೆ ಕೇಳಿಸಿಕೊಂಡರು, ಈ ಸಲ ತುಂಬ ಹೊತ್ತು. ಮಗಳು ಅಷ್ಟು ಹೊತ್ತು ಏನು ಹೇಳುತ್ತಿದ್ದಳೋ, ಹೇಳುವುದು ಎಷ್ಟು ಬಾಕಿ ಇತ್ತೋ, ಅತ್ತೆಯ ಕಣ್ಣು ತುಂಬಿ ಬಂತು.

‘ಅದೆಲ್ಲ ನಿಜಾನೇ ಕಣೆ, ನಾನು ಇಲ್ಲ ಅಂದ್ನಾ,’ ಎಂದರು ಕೊನೆಗೆ, ಕಣ್ಣೊರೆಸಿಕೊಂಡು. ‘ಆದ್ರೂ ಎರಡು ರೂಮಿಂದೇ ನೋಡು.’